ಬಣ್ಣ ಬಳಿಯದ ದೋಣಿ

ಮಾರ್ಚ್ 4

ಮತ್ತೆ ದಡಕ್ಕೆ. ಭಾವ ಮೀನು ಇಳಿಸಿ ದೋಣಿಯನ್ನು ಮೇಲೆಳೆದ ಮೇಲೆ ಮರಳಲ್ಲಿ ಕೂತು ಚಿತ್ರ ಬರೆದೆ. ದೋಣಿಯ ನೀಲಿ ಬಣ್ಣ ಒಣಗಿದ ಗಾಯದ ಚರ್ಮದ ಹಾಗೆ ಎದ್ದಿದೆ. ಅದರಡಿ ಹಸಿರು, ಅದರಡಿ ಬೂದು ಮರ. ಕ್ಯಾನ್ವಾಸಿನ ಮೇಲೂ ಅದೇ ಕ್ರಮ — ಬೂದು, ಹಸಿರು, ನೀಲಿ, ಆಮೇಲೆ ಚಾಕುವಿನಿಂದ ಕೆರೆಯುವುದು. ನಿನ್ನೆ ಜಾಸ್ತಿ ಕೆರೆದು ಬಟ್ಟೆಯೇ ಕಂಡಿತು. ಥೂ.

ಗ್ಯಾಲರಿಗೆ ಇಪ್ಪತ್ತನೇ ತಾರೀಕಿನೊಳಗೆ ಚಿತ್ರ ಕೊಡಬೇಕು. ಈ ವಯಸ್ಸಿಗೆ ಮೊದಲ ಸಲ ಕರೆದಿದ್ದಾರೆ. ಇದು ಕೈತಪ್ಪಿದರೆ ಮತ್ತೆ ಯಾರು ಕರೆಯುತ್ತಾರೆ?

ಮಾರ್ಚ್ 6

ಭಾವ ಡಬ್ಬ, ಬ್ರಷ್ಷು ಹಿಡಿದು ಬಂದರು. ವರ್ಷಕ್ಕೊಮ್ಮೆ ದೋಣಿಯನ್ನು ಪೂರ್ತಿ ಕೆರೆದು, ಹಲಗೆಗಳ ಸಂದಿ ತುಂಬಿ, ಬಣ್ಣ ಹೊಡೆಯುತ್ತಾರೆ. ಓಡಿಹೋಗಿ ಅಡ್ಡ ನಿಂತೆ.

"ಭಾವ, ದಮ್ಮಯ್ಯ, ಇಪ್ಪತ್ತರವರೆಗೆ ಮುಟ್ಟಬೇಡಿ!"

"ಏನು ಕುಂಚದಮ್ಮ, ನಿನ್ನ ಅಕ್ಕ ಕೂಡ ನನ್ನನ್ನ ಇಷ್ಟು ದಿಟ್ಟಿಸಿ ನೋಡಿಲ್ಲ. ಈ ಮುದುಕಿ ದೋಣೀಲಿ ಏನು ಕಂಡೆ?"

ನಗುತ್ತಾ ಡಬ್ಬ ಎತ್ತಿಕೊಂಡು ಹೋದರು. ನನ್ನ ಮಾತನ್ನು ಎಂದೂ ತೆಗೆದುಹಾಕಿದವರಲ್ಲ.

ಮಾರ್ಚ್ 9

ಮುಂಭಾಗದ ಕೆಳಗಿನ ಹಲಗೆಯಲ್ಲಿ ಒಂದು ಸೀಳು. ನನ್ನ ಹಾಗೆ ನೆಲಕ್ಕೆ ಕೂತವರಿಗೆ ಮಾತ್ರ ಕಾಣುತ್ತದೆ. ಒಳಗೆ ಕತ್ತಲು, ಅಂಚಿಗೆ ಮೊಳೆಯ ತುಕ್ಕು... ಚಿತ್ರಕ್ಕೆ ಆಳ ಬಂದದ್ದೇ ಅದರಿಂದ. ತೆಳು ಕಂದು, ಒಣಗಿದ ಮೇಲೆ ಮತ್ತೆ ತೆಳು ಕಂದು. ಒಂದೇ ಸಲ ಕಪ್ಪು ಹಾಕಿದರೆ ಮಸಿ ಮೆತ್ತಿದಂತಾಗುತ್ತದೆ.

ಭಾವನಿಗೆ ಹೇಳಲಿಲ್ಲ. ಹೇಳಿದರೆ ಇವತ್ತೇ ರಿಪೇರಿಗೆ ಕೂರುತ್ತಾರೆ. ಬರೀ ಮೇಲಿನ ಗೀರು ಇರಬಹುದು.

ಮಾರ್ಚ್ 13

ಗೀರಲ್ಲ. ಬೆಳೆದಿದೆ, ನಾನು ಬರೆದದ್ದಕ್ಕಿಂತ ಉದ್ದ. ಬೆರಳಿಟ್ಟೆ — ಉಗುರು ಒಳಗೆ ಹೋಯಿತು.

ಕೋಣೆಗೆ ಬಂದು ಮಾಡಿದ್ದೇನು? ಚಿತ್ರದಲ್ಲೂ ಉದ್ದ ಮಾಡಿದೆ. ಛೇ, ಎಂಥವಳು ನಾನು! ನಾಳೆ ಹೇಳಿಬಿಡುತ್ತೇನೆ.

ಮಾರ್ಚ್ 17

ಹೇಳಿಲ್ಲ.

ಊಟಕ್ಕೆ ಕೂತಾಗ, ಅಕ್ಕ ಹಿತ್ತಲಲ್ಲಿದ್ದಾಗ, ಭಾವನೇ ಮಾತು ತೆಗೆದರು. "ಸ್ವಲ್ಪ ನೀರು ಜಿನುಗ್ತಿದೆ. ಇರ್ಲಿ, ಇಪ್ಪತ್ತಕ್ಕೆ ಹೇಗೂ ಸಂದಿ ತುಂಬ್ತೀನಲ್ಲ. ಅಲ್ಲೀವರೆಗೆ ದೂರ ಹೋಗಲ್ಲ." ಅವರ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದೆ. ದೂರ ಹೋಗಲ್ಲ ಎಂದರಲ್ಲ. ಮೂರೇ ದಿನ.

ಮಾರ್ಚ್ 19, ಮಧ್ಯಾಹ್ನ

ಚಿತ್ರ ಮುಗಿಯಿತು. ಹೇಳಲೆಂದು ದಡಕ್ಕೆ ಓಡಿದೆ. ದೋಣಿಯಿಲ್ಲ! ಮೀನು ಸಿಗುತ್ತಿರುವುದು ದೂರದ ದ್ವೀಪದ ಆಚೆ ಅಂತ ಬೆಳಿಗ್ಗೆಯೇ ಒಬ್ಬರೇ ಹೋದರಂತೆ. ಗಾಳಿ ಎದ್ದಿದೆ.

ಸಂಜೆ

ಬಂದಿಲ್ಲ. ಬಂದರಿನ ಅಧಿಕಾರಿ ಮನೆಗೆ ಬಂದರು. "ದೋಣಿ ಗಟ್ಟಿಯಿದ್ರೆ ದ್ವೀಪದ ಮರೆಗೆ ನಿಂತಿರ್ತಾರೆ, ಬೆಳಿಗ್ಗೆ ಹೋಗೋಣ. ಈ ಗಾಳೀಲಿ ಸುಮ್‌ಸುಮ್ನೆ ನಮ್ಮವರನ್ನ ಕಳಿಸೋಕಾಗಲ್ಲ. ದೋಣೀಲಿ ಏನಾದ್ರೂ ತೊಂದ್ರೆ ಇತ್ತೇನಮ್ಮ? ಇದ್ರೆ ಹೇಳಿ, ಈಗ್ಲೇ ಹೊರಡ್ತೀವಿ."

ಅಕ್ಕ ನೇರ ಚಿತ್ರದ ಮುಂದೆ ಹೋಗಿ ನಿಂತಳು. ಸೀಳಿನ ಮೇಲೆ ಬೆರಳಿಟ್ಟಳು. ಹಸಿ ಬಣ್ಣ ಬೆರಳಿಗೆ ಹತ್ತಿತು.

"ಇದು ನಿಜವಾಗ್ಲೂ ಇತ್ತೇನೇ? ಇಲ್ಲಾ, ಚೆನ್ನಾಗಿ ಕಾಣ್ಲಿ ಅಂತ ನೀನೇ ಹಾಕಿದ್ದಾ?"

"ನಾನೇ ಹಾಕಿದ್ದು" ಅಂದುಬಿಟ್ಟೆ.

ಅಕ್ಕನಿಗೆ ಹೋದ ಜೀವ ಬಂದಂತಾಯಿತು. "ದೋಣಿ ಗಟ್ಟಿಯಾಗೇ ಇತ್ತು ಸರ್" ಎಂದಳು. ಅಧಿಕಾರಿ ಹೋದರು. ಭಾವ ಬಂದರೆ ಬೇಕಾಗುತ್ತದೆ ಅಂತ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾಳೆ.

ನಾನು ಇಲ್ಲಿ ಕೂತು ಬರೆಯುತ್ತಿದ್ದೇನೆ. ಏನು ಬರೆಯುವುದು? ಬಂದರಿನ ಆಫೀಸು ದೂರವಿಲ್ಲ, ಓಡಿದರೆ... ಆದರೆ ಅಕ್ಕನನ್ನು ದಾಟಿ ಹೋಗಬೇಕು. ಎಲ್ಲಿಗೇ ಅಂತ ಕೇಳುತ್ತಾಳೆ. ಕೇಳಲಿ. ಎದುರಿಗೆ ನಿಂತು ಹೇಳಲು ಬಾಯಿ ಬರುವುದಿಲ್ಲ, ಮೊದಲು ಇಲ್ಲಿ ಬರೆದು ನೋಡುತ್ತೇನೆ. ಅಕ್ಕಾ, ಆ ಸೀಳು ನಾನು —