ದುಬಾರಿ ಗಿಟಾರಿನ ಅಂಚು

ಮಾರ್ಚ್ ೧೪, ಗುರುವಾರ, ರಾತ್ರಿ

ವೊಯ್ತೆಕ್ ಸೂಪು, ಬಿಯರು ಯಾವುದನ್ನೂ ಮುಟ್ಟದೆ ಮಲಗಿದ್ದಾನೆ. ಗಂಡ ಮಾಡಿದ ಗಿಟಾರನ್ನು ಹೆಂಡತಿಯೇ ವಾಪಸು ಕಳಿಸಿದರೆ ಇನ್ನೇನಾದೀತು?

ಕಾರ್ಖಾನೆಯಲ್ಲಿ ಕೊನೆಯ ತಪಾಸಣೆ ನನ್ನದು. ಇವತ್ತು ಬಂದದ್ದು ನಮ್ಮಲ್ಲೇ ಅತಿ ದುಬಾರಿ ಎಲೆಕ್ಟ್ರಿಕ್ ಗಿಟಾರು. ಜೇನಿನ ಬಣ್ಣ, ಕನ್ನಡಿಯಂಥ ಹೊಳಪು. ಕುತ್ತಿಗೆಯ ಉದ್ದಕ್ಕೂ ಕೈ ಜಾರಿಸಿದರೆ ಲೋಹದ ಪಟ್ಟಿಗಳ ತುದಿ ಗರಗಸದಂತೆ ಕೊರೆಯಿತು. ಅಗ್ಗದ ಗಿಟಾರುಗಳ ಸಾಲಿನಲ್ಲಿ ಇಂಥದ್ದು ಸಿಕ್ಕಿದ್ದರೆ ಮೇಸ್ತ್ರಿ ರಾಡೆಕ್ ಕೂಗಾಡಿಬಿಡುತ್ತಿದ್ದ. ಇದಕ್ಕೆ ಮಾತ್ರ, "ಬಿಡಮ್ಮ ಲುಡ್ಮಿಲಾ, ಇಷ್ಟು ಕೊರುನಾ ದುಡ್ಡು ಸುರಿದೋನು ಗೋಡೆಗೆ ನೇತು ಹಾಕ್ತಾನೆ. ಆ ಸಾಲಿಂದ ಒಂದಾದ್ರೂ ದೂರು ಬಂದಿದ್ಯಾ?" ಎಂದ.

ಬಂದಿಲ್ಲ, ನಿಜ. ಅಷ್ಟು ಸುರಿದು ಮೋಸ ಹೋದೆ ಎಂದು ಯಾರು ತಾನೇ ಬಾಯಿ ಬಿಡುತ್ತಾರೆ? ಸಹಿ ಹಾಕದೆ ವೊಯ್ತೆಕ್‌ನ ಮೇಜಿಗೇ ವಾಪಸು ಕಳಿಸಿದೆ.

ಬಸ್ಸಿನಲ್ಲಿ ವೊಯ್ತೆಕ್ ನನ್ನ ಮುಖ ನೋಡಲಿಲ್ಲ. "ಎಲ್ರ ಮುಂದೆ ಮರ್ಯಾದೆ ತೆಗೆದ್ಯಲ್ಲ. ನನ್ನನ್ನ ಮತ್ತೆ ಅಗ್ಗದ ಸಾಲಿಗೆ ಹಾಕ್ತಾರೆ, ಖುಷಿನಾ?"

ನಾಳೆ ಆ ಗಿಟಾರು ತಿದ್ದದೆ ಹಾಗೇ ನನ್ನ ಮೇಜಿಗೆ ಬರುತ್ತದಂತೆ, ರಾಡೆಕ್‌ನ ಅಪ್ಪಣೆ. ಸಹಿ ಹಾಕಲೇಬೇಕಂತೆ.

ಗೋಡೆಯಾಚೆ ತಂತಿಯ ಸದ್ದು. ಮಲಗಿಲ್ಲ ಅವನು. ನುಡಿಸುತ್ತಿರುವುದು ಅಗ್ಗದ ಸಾಲಿನದೇ, ಮದುವೆಗೂ ಮುಂಚೆ ಕೊಂಡದ್ದು. ಎದ್ದು ಹೋಗಿ ಕೇಳಲೇ, ಆ ದುಬಾರಿಯದನ್ನು ನೀನು ಒಂದು ದಿನವಾದರೂ ಯಾಕೆ ನುಡಿಸಿ ನೋಡಲಿಲ್ಲ ಎಂದು?