ತೋಳಿನ ಗಂಟು

ಧನಣ್ಣಾ,

ನೀನು ಸತ್ತು ವರ್ಷವಾಗುತ್ತಾ ಬಂತು, ನನ್ನ ಸಿಟ್ಟು ಇಳಿದಿಲ್ಲ. ಇವತ್ತು ಕುವೈತಿನ ಫಹಾಹೀಲಿನ ನಮ್ಮ ಕ್ಲಿನಿಕ್ಕಿಗೆ ಒಬ್ಬನನ್ನು ಅವನ ಹೆಂಡತಿ ಬೈದು ಎಳೆದುಕೊಂಡು ಬಂದಳು. ತೋಳಿನಲ್ಲಿ ನಿನ್ನದೇ ಥರದ ಗಂಟು. ಸ್ಕ್ಯಾನ್ ಮಾಡಿದೆ: ಸ್ನಾಯುವಿನೊಳಗೆ ಕಪ್ಪು ಚೀಲ, ಅದರಲ್ಲೊಂದು ಬಿಳಿ ಚುಕ್ಕೆ. ಲಾಡಿಹುಳದ ಮರಿ. ನಿನ್ನ ಮೆದುಳಿನಲ್ಲಿ ಕೂತು, ಫಿಟ್ಸ್ ತರಿಸಿ ನಿನ್ನನ್ನು ಕೊಂದದ್ದೂ ಅದೇ. ಡಾಕ್ಟರು ಕೂಡಲೇ ಅವನ ತಲೆಗೂ ಸ್ಕ್ಯಾನ್ ಬರೆದರು.

ಪ್ರತಿ ಶುಕ್ರವಾರ ನನ್ನ ಮನೆಯಲ್ಲಿ ಮೀನುಸಾರು ಉಣ್ಣುತ್ತಾ ನೀನು ಹೇಳಿದ್ದೇನು? "ಎಂತ ಇಲ್ಲ ಮಾರಾಯ್ತಿ, ಕೊಬ್ಬಿನ ಗಂಟು. ಊಟದ ಹೊತ್ತಿಗೆ ನಿನ್ನ ಮೆಷಿನ್ ಸುದ್ದಿ ಬೇಡ." ಪಕ್ಕದ ಮಂಗಫ್ ಊರಿನ ಅರ್ಧ ಜನರ ಹೊಟ್ಟೆ ಸ್ಕ್ಯಾನ್ ಮಾಡಿ ನೋಡಿದವಳಿಗೆ ಸ್ವಂತ ಅಣ್ಣ ತೋಳು ಮುಟ್ಟಗೊಡಲಿಲ್ಲ.

ಇವತ್ತು ಸ್ಕ್ಯಾನಿಗೆಂದು ತೋಳಿಗೆ ಜೆಲ್ ಹಚ್ಚಿದಾಗ ಆ ಮನುಷ್ಯ, "ಇಷ್ಟೇನಾ? ತಣ್ಣಗಿದೆ" ಎಂದು ನಕ್ಕ.

ಇಷ್ಟೇ ಅಣ್ಣಾ. ಸ್ವಲ್ಪ ತಣ್ಣಗಿರುತ್ತದೆ, ಅಷ್ಟೇ.