ಐದೂವರೆಯ ಜಾಹೀರಾತು

ಶನಿವಾರ, ಬೆಳಗ್ಗೆ

ತಮ್ಮನಿಗೆ,

ಚಿರಂಜೀವಿ ಎಂದು ಬರೆದು ಹೊಡೆದುಹಾಕಿದ್ದೇನೆ. ನಾನು ಹರಸದಿದ್ದರೂ ಗುಂಡುಕಲ್ಲಿನ ಹಾಗೆ ಇದ್ದೀಯ.

ನಿನ್ನ ಟಿವಿ ಸ್ಟೇಷನ್ನಿಗೆ ಇವತ್ತಿಗೆ ಮೂವತ್ತು ವರ್ಷ, ಹಳೆಯ ಫೋಟೊ ಕೊಡು, ವೇದಿಕೆಗೂ ಬಾ ಎಂದು ನಿನ್ನೆ ನೀನು ನಿನ್ನ ಮಗಳನ್ನು ಕಳಿಸಿದ್ದೆ. ಸಂಜೆಯ ಕಾರ್ಯಕ್ರಮ ಮಾಡಿಸುವವಳು ಅವಳೇ ಅಂತೆ, ನೇರ ಪ್ರಸಾರವಂತೆ. ಒಳ್ಳೆಯ ಹುಡುಗಿ. ತಾಯಿಯ ಹಾಗೆ.

ಫೋಟೊ ಇಲ್ಲ, ನೆನಪಿದೆ. ನಮ್ಮ ಪಡಸಾಲೆಯ ಗೋಡೆಗೆ ನನ್ನ ನೀಲಿ ಹೊದಿಕೆ ಹೊಡೆದು, ಅದರ ಮುಂದೆ ಕೂತು ನೀನು ವಾರ್ತೆ ಓದಿದೆ. ಕುಕ್ಕರಿನ ಸೀಟಿ ವಾರ್ತೆಯೊಳಗೆ ನುಗ್ಗೀತೆಂದು ನಾನು ಒಲೆ ಹಚ್ಚದೆ ಮಕ್ಕಳನ್ನು ಹಸಿವಿನಲ್ಲಿ ಕೂರಿಸಿದೆ. ರೇಡಿಯೊ ರಿಪೇರಿ ಮಾಡಿಕೊಂಡಿದ್ದ ನಿನ್ನ ಭಾವ ಯಂತ್ರ ಜೋಡಿಸಿದರು, ಟವರ್ ಹತ್ತಿದರು, ಹೊತ್ತುಹೊತ್ತಿಗೆ ಗುಂಡಿ ಒತ್ತಿದರು. ನೀನು ತಲೆ ಬಾಚಿಕೊಂಡೆ.

ಆಮೇಲೆ ಬಟ್ಟೆ ಗಿರಣಿಗೆ ಬೆಂಕಿ ಬಿತ್ತು. ಸತ್ತವರ ಮೆರವಣಿಗೆ ತೋರಿಸುತ್ತಿದ್ದಾಗ ನಡುವೆ ಹಲ್ಲುಪುಡಿಯ ಜಾಹೀರಾತು ಬಂದು ಹುಡುಗಿಯರು ಹಲ್ಲು ಕಿಸಿದು ಕುಣಿದರು. ಜನ ಕಲ್ಲು ಹಿಡಿದು ಬಂದರು. ನೀನು ಟಿವಿಯಲ್ಲಿ ಕೈಮುಗಿದು, ಇದು ಟೆಕ್ನಿಷಿಯನ್ ಮಾಡಿದ ತಪ್ಪು, ಅವನನ್ನು ಕೆಲಸದಿಂದ ತೆಗೆದುಹಾಕಿದ್ದೇವೆ ಎಂದೆ. ನಿನ್ನ ಭಾವನ ಹೆಸರು ಪರದೆಯ ಕೆಳಗೆ ಮೂರು ದಿನ ಓಡಿತು. ಮತ್ತೆ ಯಾರೂ ಅವರ ಕೈಗೆ ಒಂದು ರೇಡಿಯೊ ಕೊಡಲಿಲ್ಲ.

ಆ ದಿನದ ಪ್ರಸಾರದ ಪಟ್ಟಿ ಅವರ ಹತ್ತಿರವೇ ಇತ್ತು. ಅದರಲ್ಲಿ ನಿನ್ನ ಅಕ್ಷರ: ಮೆರವಣಿಗೆ ಇದ್ದರೂ ಸರಿ, ಹಲ್ಲುಪುಡಿ ಐದೂವರೆಗೆ ಹೋಗಲೇಬೇಕು. ಕೆಳಗೆ ನಿನ್ನ ಸಹಿ. ತೋರಿಸಿ ಎಂದು ನಾನು ಗೋಗರೆದರೆ, "ಬಿಡೇ, ನಿನ್ನ ತಮ್ಮ ಅಲ್ವಾ, ನಾನಿರೋವರೆಗೂ ಬೇಡ" ಎಂದುಬಿಟ್ಟರು. ಅವರು ಹೋಗಿ ಮೂರು ವರ್ಷವಾಯಿತು. ಆಮೇಲೂ ನಾನು ಬಾಯಿ ಹೊಲಿದುಕೊಂಡೇ ಇದ್ದೆ.

ಹೋದ ವಾರ ನಿನ್ನ ಸ್ಟೇಷನ್ನಿನವರು ಇತಿಹಾಸ ಎಂದು ಅದೇ ಸುಳ್ಳನ್ನು ಮತ್ತೆ ತೋರಿಸಿದರು. ಮೊಮ್ಮಗಳು ಪಕ್ಕಕ್ಕೆ ಬಂದು, "ಅಜ್ಜಿ, ಅಜ್ಜ ಅಷ್ಟು ಕೆಟ್ಟೋರಾ?" ಎಂದಳು. ಹೊಲಿಗೆ ಬಿಚ್ಚಿತು.

ನಿನ್ನೆ ಪಟ್ಟಿಯನ್ನು ನಿನ್ನ ಮಗಳ ಕೈಗಿಟ್ಟೆ. ಎರಡು ಸಲ ಓದಿದಳು. "ಅತ್ತೆ, ಇದು ಅಪ್ಪಂದೇ ಅಕ್ಷರ" ಎಂದಳು. ಕಾಫಿ ಕೊಟ್ಟೆ, ಕುಡಿಯದೆ ಎದ್ದು ಹೋದಳು. ಮುಂದಿನದು ಅವಳಿಗೆ ಬಿಟ್ಟಿದ್ದು.

ವೇದಿಕೆಗೆ ನಾನು ಬರುವುದಿಲ್ಲ. ಮನೆಯಲ್ಲೇ ಕೂತು ನೋಡುತ್ತೇನೆ.

ಇಂತಿ,
ನಿನ್ನ ಭಾವನ ಹೆಂಡತಿ

ಮತ್ತೊಂದು ಮಾತು: ನಿನ್ನ ಮಗಳು ಈಗಷ್ಟೇ ಬಂದಳು. ನೀನು ವೇದಿಕೆಯ ಮೇಲೆ ಕೂತಿರುವಾಗಲೇ ಪಟ್ಟಿಯನ್ನು ಪರದೆ ತುಂಬ ತೋರಿಸುತ್ತಾಳಂತೆ. ಈ ಪತ್ರವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ, ಎಲ್ಲ ಮುಗಿದ ಮೇಲೆ ಕೊಡು ಎಂದು ಹೇಳಿ. ನೀನು ನನ್ನ ಅಕ್ಷರ ಓದುವ ಹೊತ್ತಿಗೆ ನಿನ್ನ ಅಕ್ಷರವನ್ನು ಊರೆಲ್ಲ ಓದಿ ಆಗಿರುತ್ತದೆ.